ಮಾಳಿಗೆಯ ಮೇಲೆ ಕುಂಠಿತಗೊಂಡ ಬ್ಯಾಡಗಿ ಮೆಣಸಿನ ಅಗಿ: ಮಣ್ಣು ಬದಲಿಸಿ ನೆಟ್ಟರೆ ಉಳಿಯುತ್ತವೆಯೇ?

ಮಾಳಿಗೆ ತೋಟ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಧಾರವಾಡದ ಸಪ್ತಾಪುರದಲ್ಲಿದೆ. ಈ ವರ್ಷ ಮಾಳಿಗೆಯ ಮೇಲೆ ಬ್ಯಾಡಗಿ ಕಡ್ಡಿ ಮತ್ತು ಬ್ಯಾಡಗಿ ಡಬ್ಬಿ, ಎರಡೂ ತಳಿಗಳನ್ನು ಬೆಳೆಯಬೇಕೆಂದು ಮೇ ತಿಂಗಳ ಕೊನೆಯ ವಾರದಲ್ಲಿ ಬೀಜ ಹಾಕಿದೆವು. ಅಣ್ಣಿಗೇರಿಯ ಕಡೆ ಇರುವ ನಮ್ಮ ಹೊಲದಿಂದ ತಂದ ಎರೆಮಣ್ಣಿಗೆ, ಅಂದರೆ ಕಪ್ಪು ಜೇಡಿಮಣ್ಣಿಗೆ, ತಿಪ್ಪೆಗೊಬ್ಬರ ಬೆರೆಸಿ ಸಣ್ಣ ಪ್ಲಾಸ್ಟಿಕ್ ಲೋಟಗಳಲ್ಲಿ ತುಂಬಿದ್ದೆವು. ಮೊಳಕೆ ಚೆನ್ನಾಗಿಯೇ ಬಂದಿತು. ಆದರೆ ನಾಲ್ಕು ಎಲೆಗಳಾದ ಮೇಲೆ ಬೆಳವಣಿಗೆ ನಿಂತುಬಿಟ್ಟಿದೆ. ಈಗ ಜುಲೈ ಅರ್ಧ ಕಳೆದಿದ್ದರೂ ಬಹುತೇಕ ಅಗಿಗಳು (ಸಸಿಗಳು) ಬೆರಳುದ್ದವನ್ನು ದಾಟಿಲ್ಲ. ಕೆಳಗಿನ ಎಲೆಗಳು ಹಳದಿಯಾಗಿವೆ. ಜಿಟಿಜಿಟಿ ಮಳೆ ಹಿಡಿದ ಮೇಲೆ ಲೋಟದ ಮಣ್ಣಿನ ಮೇಲೆ ಹಸಿರು ಪಾಚಿ ಕಟ್ಟಿದೆ. ಎಲ್ಲಕ್ಕಿಂತ ಹೆಚ್ಚು ಅಚ್ಚರಿಯ ಸಂಗತಿಯೆಂದರೆ, ಅಷ್ಟು ಚಿಕ್ಕ ಗಿಡಗಳಲ್ಲೇ ಕೆಲವು ತುದಿಯಲ್ಲಿ ಮೊಗ್ಗು ಹಿಡಿದಿವೆ.

ಈ ಅಗಿಗಳನ್ನು ಬೇರೆ ಒಳ್ಳೆಯ ಮಣ್ಣಿಗೆ ಬದಲಿಸಿ ನೆಟ್ಟರೆ ಉಳಿಯುತ್ತವೆಯೇ, ಅಥವಾ ಮೊದಲೇ ಸೊರಗಿದ ಗಿಡವನ್ನು ಕಿತ್ತರೆ ಇರುವ ಜೀವವೂ ಹೋಗುತ್ತದೆಯೇ? ಬೀಜ ನಮ್ಮ ಮನೆತನದಲ್ಲಿ ವರ್ಷವರ್ಷವೂ ಕಾಯ್ದಿಟ್ಟುಕೊಂಡು ಬಂದದ್ದು. ಆದ್ದರಿಂದ ಪೇಟೆಯಿಂದ ಹೊಸ ಅಗಿ ತಂದು ಹಚ್ಚುವ ಮಾತು ನನಗೆ ಕೊನೆಯದು. ಅನುಭವಿಗಳು ದಯವಿಟ್ಟು ತಿಳಿಸಬೇಕು.

ಎರೆಹೊಲ, ಕುಂದಗೋಳ

ಅಕ್ಕನವರೇ, ನಮಸ್ಕಾರ. ಮಣ್ಣು ಬದಲಿಸುವ ಮೊದಲು ಎರೆಮಣ್ಣಿನ ಪರವಾಗಿ ಎರಡು ಮಾತು ಹೇಳಬೇಕು, ಏಕೆಂದರೆ ಇಂಥ ಚರ್ಚೆಗಳಲ್ಲಿ ಎರೆಮಣ್ಣೇ ಕೆಟ್ಟದ್ದು ಎಂಬ ತೀರ್ಮಾನಕ್ಕೆ ಜನ ಬೇಗ ಬರುತ್ತಾರೆ. ಕುಂದಗೋಳ, ಅಣ್ಣಿಗೇರಿ, ಗದಗ, ರೋಣದ ಕಡೆ ಮಳೆಯನ್ನೇ ನಂಬಿದ ಬ್ಯಾಡಗಿ ಬೆಳೆ ನಿಂತಿರುವುದೇ ಈ ಎರೆ ಭೂಮಿಯ ಮೇಲೆ. ಮುಂಗಾರಿನಲ್ಲಿ ಕುಡಿದ ನೀರನ್ನು ಆಳದಲ್ಲಿ ಹಿಡಿದಿಟ್ಟುಕೊಂಡು, ಮಳೆ ನಿಂತ ಎಷ್ಟೋ ವಾರಗಳ ನಂತರವೂ ಗಿಡಕ್ಕೆ ಕೊಡುವ ಶಕ್ತಿ ಬೇರೆ ಯಾವ ಮಣ್ಣಿಗೂ ಇಲ್ಲ. ಮೆಣಸಿನಕಾಯಿ, ಹತ್ತಿ, ಉಳ್ಳಾಗಡ್ಡಿ ಮೂರನ್ನೂ ಒಂದೇ ಹೊಲದಲ್ಲಿ ಸೇರಿಸಿ ಬೆಳೆಯುವ ನಮ್ಮ ಕಡೆಯ ಪದ್ಧತಿ ಸಾಧ್ಯವಾಗಿರುವುದೂ ಇದರಿಂದಲೇ.

ಆದರೆ ಆ ಗುಣ ಹೊಲದ ಗುಣ. ಅಲ್ಲಿ ಮಣ್ಣಿಗೆ ಆಳವಿದೆ, ಬಿಸಿಲಿಗೆ ಬಿರಿಯುವ ಅವಕಾಶವಿದೆ, ಹುಳುಗಳು ಕೊರೆದ ದಾರಿಗಳಿವೆ, ಹಳೆಯ ಬೇರು ಕೊಳೆತು ಉಳಿದ ಕೊಳವೆಗಳಿವೆ. ಅದೇ ಮಣ್ಣನ್ನು ಅಗೆದು, ಪುಡಿ ಮಾಡಿ, ಲೋಟದಲ್ಲಿ ಒತ್ತಿ ತುಂಬಿದಾಗ ಇವೆಲ್ಲ ಇಲ್ಲವಾಗುತ್ತವೆ. ಉಳಿಯುವುದು ಜಿಗಿ ಮಾತ್ರ. ನಾವು ಸಹ ಹೊಲದಲ್ಲಿ ಬಿತ್ತುವಾಗ ಎರೆಯನ್ನೇ ನಂಬುತ್ತೇವೆ, ಆದರೆ ಅಗಿ ಮಡಿ ಮಾಡುವಾಗ ಮಸಾರಿ ಮಣ್ಣು (ಕೆಂಪು ಹಗುರ ಮಣ್ಣು), ಉಸುಕು ಮತ್ತು ಚೆನ್ನಾಗಿ ಕಳಿತ ಗೊಬ್ಬರ ಸೇರಿಸಿ, ನೆಲದಿಂದ ಗೇಣೆತ್ತರ ಏರುಮಡಿ ಕಟ್ಟುತ್ತೇವೆ. ಮಳೆ ನೀರು ನಿಲ್ಲಬಾರದು ಎಂಬುದೊಂದೇ ಅದರ ಹಿಂದಿನ ವಿಚಾರ.

ನನ್ನ ಅಭಿಪ್ರಾಯದಲ್ಲಿ ನಿಮ್ಮ ಅಗಿಗಳನ್ನು ಬದಲಿಸಿ ನೆಡಲೇಬೇಕು. ತಡ ಮಾಡಿದಷ್ಟೂ ಕಷ್ಟ.

ಸಸಿಮನೆ, ರಾಣೆಬೆನ್ನೂರು

ಕುಂದಗೋಳದ ಹಿರಿಯರ ಮಾತನ್ನು ಒಪ್ಪುತ್ತೇನೆ. ಆದರೆ ಎಲ್ಲ ಅಗಿಗಳನ್ನೂ ಒಮ್ಮೆಲೇ ಬದಲಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಮೊದಲು ಬೇರು ನೋಡಿ. ಅಗಿ ಕುಂಠಿತವಾಗಲು ಮಣ್ಣು ಕಾರಣವಾಗಿದ್ದರೆ, ಬೇರು ಇನ್ನೂ ಜೀವಂತವಾಗಿದ್ದರೆ, ಆಗ ಮಾತ್ರ ಬದಲಿ ನಾಟಿಯಿಂದ ಪ್ರಯೋಜನವಿದೆ. ಈ ಎರಡರಲ್ಲಿ ಒಂದು ಇಲ್ಲದಿದ್ದರೂ ಒಳ್ಳೆಯ ಮಣ್ಣು ವ್ಯರ್ಥವಾಗುತ್ತದೆ.

ನೋಡುವ ಕ್ರಮ ಹೀಗಿದೆ. ಎಲ್ಲಕ್ಕಿಂತ ದುರ್ಬಲವಾದದ್ದೊಂದು, ಮಧ್ಯಮದ್ದೊಂದು, ಚೆನ್ನಾಗಿರುವುದೊಂದು, ಹೀಗೆ ಮೂರು ಅಗಿಗಳನ್ನು ಆರಿಸಿಕೊಳ್ಳಿ. ಲೋಟವನ್ನು ಬೋರಲು ಮಾಡಿ, ಕಾಂಡವನ್ನು ಎರಡು ಬೆರಳುಗಳ ನಡುವೆ ಇರಿಸಿಕೊಂಡು, ತಳವನ್ನು ಮೆಲ್ಲಗೆ ತಟ್ಟಿ ಬೇರುಸಹಿತ ಇಡೀ ಮಣ್ಣಿನ ಗಡ್ಡೆಯನ್ನು ಹೊರಗೆ ತೆಗೆಯಿರಿ. ಮೂಗಿಗೆ ಹಿಡಿಯಿರಿ. ಮಳೆ ಬಿದ್ದ ಹೊಲದ ವಾಸನೆ ಬಂದರೆ ಒಳ್ಳೆಯದು. ಚರಂಡಿಯ ಹುಳಿ ವಾಸನೆ ಬಂದರೆ ಅಲ್ಲಿ ಗಾಳಿಯಿಲ್ಲ ಎಂದು ತಿಳಿಯಬೇಕು. ನಂತರ ಒಂದು ಬೇರನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ನಯವಾಗಿ ಎಳೆಯಿರಿ. ಜೀವವಿರುವ ಬೇರು ಬೆಳ್ಳಗೆ, ಗಟ್ಟಿಯಾಗಿ ನಿಲ್ಲುತ್ತದೆ. ಕೊಳೆತ ಬೇರಿನ ಹೊರಸಿಪ್ಪೆ ಕಂದು ಬಣ್ಣಕ್ಕೆ ತಿರುಗಿ ಕೈಯಲ್ಲೇ ಜಾರಿ ಬರುತ್ತದೆ, ಒಳಗಿನ ಕೂದಲೆಳೆಯಂಥ ದಾರವೊಂದು ಮಾತ್ರ ಉಳಿಯುತ್ತದೆ. ಪಿಥಿಯಂ ಎಂಬ ಶಿಲೀಂಧ್ರದಂಥ ಜೀವಿಯ ಕೆಲಸ ಬಹುಮಟ್ಟಿಗೆ ಹೀಗೆಯೇ ಕಾಣುತ್ತದೆ. ಎಳೆಯ ಅಗಿ ನೆಲಮಟ್ಟದಲ್ಲಿ ಕೊಳೆತು ಬಾಗಿ ಬೀಳುವ ಸಸಿ ಸಾಯುವ ರೋಗಕ್ಕೂ ಅದು ಕಾರಣ.

ಇನ್ನು ಮೊಗ್ಗಿನ ವಿಷಯ. ಮೆಣಸಿನ ಗಿಡ ಹೂ ಬಿಡಲು ಹಗಲಿನ ಉದ್ದವನ್ನು ಅಷ್ಟಾಗಿ ಅವಲಂಬಿಸುವುದಿಲ್ಲ. ಮುಖ್ಯ ಕಾಂಡದಲ್ಲಿ ಇಂತಿಷ್ಟು ಗೆಣ್ಣುಗಳಾದ ಮೇಲೆ ತುದಿಯಲ್ಲಿ ಮೊದಲ ಹೂ ಬರುತ್ತದೆ, ಆಮೇಲೆ ಕಾಂಡ ಕವಲೊಡೆಯುತ್ತದೆ. ಬೇರಿಗೆ ಜಾಗ ಸಾಲದೆ, ಆಹಾರ ಸಾಲದೆ ಇಕ್ಕಟ್ಟಾದಾಗ ಗೆಣ್ಣುಗಳ ನಡುವಿನ ಅಂತರ ಕುಗ್ಗಿ, ಎತ್ತರ ಬಾರದಿದ್ದರೂ ಹೂವಿನ ಹಂತ ಬಂದುಬಿಡುತ್ತದೆ. ಹೂಕೋಸಿನಲ್ಲಿ ಇದು ಇನ್ನೂ ಕ್ರೂರವಾಗಿ ಕಾಣಿಸುತ್ತದೆ. ವಯಸ್ಸು ಮೀರಿದ ಅಥವಾ ಸಾರಜನಕ ಸಾಲದ ಹೂಕೋಸಿನ ಸಸಿ ನೆಟ್ಟರೆ ಗುಂಡಿಯಷ್ಟು ಗಡ್ಡೆ ಕಟ್ಟಿ ಅಲ್ಲಿಗೇ ಮುಗಿಯುತ್ತದೆ, ಆಮೇಲೆ ಎಂಥ ಗೊಬ್ಬರ ಕೊಟ್ಟರೂ ಅದು ದೊಡ್ಡದಾಗುವುದಿಲ್ಲ. ಮೆಣಸಿನ ಗಿಡ ಹಾಗಲ್ಲ. ಅದು ಮತ್ತೆ ಮತ್ತೆ ಕವಲೊಡೆಯುತ್ತ ತಿಂಗಳುಗಟ್ಟಲೆ ಬೆಳೆಯುವ ಗಿಡವಾದ್ದರಿಂದ, ಆರಂಭದಲ್ಲಿ ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಅದಕ್ಕೆ ಕಾಲವಿದೆ. ನಿಮ್ಮ ಅಗಿಗಳ ಬಗ್ಗೆ ನನಗೆ ಭರವಸೆ ಇರುವುದು ಇದೇ ಕಾರಣಕ್ಕೆ.

ಸಾಮಾನ್ಯವಾಗಿ 35ರಿಂದ 45 ದಿನಗಳ ಅಗಿ ನಾಟಿಗೆ ಯೋಗ್ಯ. ನಿಮ್ಮವು ಆ ಗಡಿಯಲ್ಲಿವೆ ಅಥವಾ ಸ್ವಲ್ಪ ದಾಟಿವೆ. ಕಾಂಡ ಕಟ್ಟಿಗೆಯಂತೆ ಗಡುಸಾಗುವ ಮೊದಲೇ ನಿರ್ಧಾರ ಆಗಬೇಕು.

ಹೊಸ ಹಿತ್ತಲು, ಗದಗ-ಬೆಟಗೇರಿ

ಇದೇ ಸಮಸ್ಯೆ ನಮ್ಮಲ್ಲಿಯೂ ಇದೆ, ಆದರೆ ನಾವು ಎರೆಮಣ್ಣು ಬಳಸಿಲ್ಲ. ಸಣ್ಣ ಗುಳಿಗಳಿರುವ ಸಸಿ ತಟ್ಟೆಯಾದ ಪ್ರೊ ಟ್ರೇಯಲ್ಲಿ ಬರಿಯ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹಾಕಿ, ಬೋರಿನ ನೀರು ಕೊಡುತ್ತಿದ್ದೇವೆ. ನೀರು ಸರಾಗವಾಗಿ ಬಸಿದು ಹೋಗುತ್ತದೆ. ಆದರೂ ಅಗಿಗಳು ಮೇಲೇಳುತ್ತಿಲ್ಲ. ಎಲೆಗಳ ಅಂಚು ಸುಟ್ಟಂತೆ ಕಂದಾಗಿದೆ, ಹೊಸ ಎಲೆಗಳು ಬಿಳಿಚಿಕೊಂಡಿದ್ದು ನರಗಳು ಮಾತ್ರ ಹಸಿರಾಗಿವೆ. ಮಣ್ಣೇ ಇಲ್ಲದ ಕಡೆ ಮಣ್ಣಿನ ದೋಷ ಹೇಗೆ ಬಂದೀತು?

ಮಣ್ಣಿನ ವಿದ್ಯಾರ್ಥಿನಿ, ಧಾರವಾಡ

ಬೆಟಗೇರಿಯ ಅಣ್ಣನವರ ಪ್ರಶ್ನೆ ಬಹಳ ಮುಖ್ಯವಾದದ್ದು. ಆದ್ದರಿಂದ ಸ್ವಲ್ಪ ವಿವರವಾಗಿ ಉತ್ತರಿಸುತ್ತೇನೆ.

ಎರಡು ಮನೆಗಳ ಅಗಿಗಳೂ ಕುಂಠಿತವಾಗಿದ್ದರೂ ಕಾರಣ ಬೇರೆ ಬೇರೆ. ಧಾರವಾಡದ ಅಕ್ಕನವರ ಗಿಡದಲ್ಲಿ ಕೆಳಗಿನ, ಅಂದರೆ ಹಳೆಯ ಎಲೆಗಳು ಹಳದಿಯಾಗಿವೆ. ಸಾರಜನಕ ಗಿಡದೊಳಗೆ ಓಡಾಡಬಲ್ಲ ಪೋಷಕ. ಕೊರತೆಯಾದಾಗ ಗಿಡ ಅದನ್ನು ಹಳೆಯ ಎಲೆಗಳಿಂದ ತೆಗೆದು ಹೊಸ ಎಲೆಗಳಿಗೆ ಕಳಿಸುತ್ತದೆ. ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕ ಇಲ್ಲದಾಗಿ, ನೈಟ್ರೇಟ್ ರೂಪದ ಸಾರಜನಕ ಅನಿಲವಾಗಿ ಹಾರಿಹೋಗುತ್ತದೆ. ಉಳಿದದ್ದನ್ನು ಹೀರಲು ಬೇರಿಗೆ ಉಸಿರಿರುವುದಿಲ್ಲ. ತಿಪ್ಪೆಗೊಬ್ಬರ ಪೂರ್ತಿ ಕಳಿಯದೆ ಅದರಲ್ಲಿ ಕಣಿಕೆಯ ಚೂರುಗಳು ಕಾಣುವಂತಿದ್ದರೆ, ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳೇ ಇದ್ದ ಅಲ್ಪ ಸಾರಜನಕವನ್ನೂ ತಮಗಾಗಿ ಬಳಸಿಕೊಳ್ಳುತ್ತವೆ.

ಬೆಟಗೇರಿಯ ಅಗಿಗಳಲ್ಲಿ ಹೊಸ ಎಲೆಗಳು ಬಿಳಿಚಿ ನರ ಹಸಿರಾಗಿ ಉಳಿದಿರುವುದು ಕಬ್ಬಿಣದ ಕೊರತೆಯ ಲಕ್ಷಣ. ಕಬ್ಬಿಣ ಗಿಡದೊಳಗೆ ಓಡಾಡುವುದಿಲ್ಲ, ಆದ್ದರಿಂದ ಹೊಸ ಎಲೆಯಲ್ಲೇ ಮೊದಲು ಕಾಣುತ್ತದೆ. ಅಂಚು ಸುಡುವುದು ಉಪ್ಪಿನ ಲಕ್ಷಣ. ಸರಿಯಾಗಿ ತೊಳೆಯದ ಕೊಕೊಪೀಟ್‌ನಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಲವಣಗಳು ಹೇರಳವಾಗಿರುತ್ತವೆ. ಮೇಲಾಗಿ ಗದಗದ ಕಡೆಯ ಎಷ್ಟೋ ಬೋರುಗಳಲ್ಲಿ ಗಡಸು ನೀರು. ಅದರಲ್ಲಿರುವ ಬೈಕಾರ್ಬೊನೇಟ್ ದಿನದಿಂದ ದಿನಕ್ಕೆ ಬೇರಿನ ಸುತ್ತಲಿನ ಕ್ಷಾರವನ್ನು ಏರಿಸುತ್ತ ಹೋಗುತ್ತದೆ. ಮೆಣಸಿನ ಗಿಡ ಉಪ್ಪನ್ನು ಹೆಚ್ಚು ತಾಳುವ ಗಿಡವಲ್ಲ. ಮಣ್ಣಿನ ಲವಣಾಂಶ ಮೀಟರಿಗೆ 1.5 ಡೆಸಿಸೀಮೆನ್ಸ್ (ಲವಣಾಂಶ ಅಳೆಯುವ ಮಾನ) ದಾಟಿದ ಮೇಲೆ ಅದರ ಇಳುವರಿ ಇಳಿಯತೊಡಗುತ್ತದೆ. ಎಳೆಯ ಅಗಿ ಇನ್ನೂ ಸೂಕ್ಷ್ಮ.

ನೀವು ಮೊದಲು ಮಾಡಬೇಕಾದದ್ದು ಮಳೆನೀರು ಹಿಡಿದು, ಅದನ್ನೇ ಟ್ರೇಯ ಮೇಲೆ ಧಾರಾಳವಾಗಿ ಹರಿಸಿ ಲವಣವನ್ನು ತೊಳೆಯುವುದು. ಜುಲೈ ತಿಂಗಳಲ್ಲಿ ಇದಕ್ಕೆ ಖರ್ಚಿಲ್ಲ. ಹೊಸದಾಗಿ ಕೊಳ್ಳುವಾಗ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ರೂಪಿಸಿರುವ ಹುದುಗಿಸಿದ ಕೊಕೊಪೀಟ್‌ನಂಥದ್ದು ಸಿಕ್ಕರೆ ಅದನ್ನು ಆರಿಸಿಕೊಳ್ಳಿ. ಕಬ್ಬಿಣಕ್ಕಾಗಿ ಫೆರಸ್ ಸಲ್ಫೇಟ್ ಅನ್ನು ಲೀಟರ್ ನೀರಿಗೆ 2ರಿಂದ 3 ಗ್ರಾಂ ಬೆರೆಸಿ, ಚಿಟಿಕೆ ಸಿಟ್ರಿಕ್ ಆಮ್ಲ ಸೇರಿಸಿ, ಸಂಜೆ ಎಲೆಗಳ ಮೇಲೆ ಸಿಂಪಡಿಸಬಹುದು. ಬೇರಿಗೆ ಕೊಡುವುದಾದರೆ ಒಂದು ಎಚ್ಚರ: ಅಂಗಡಿಯಲ್ಲಿ ಸುಲಭವಾಗಿ ಸಿಗುವ ಇಡಿಟಿಎ ರೂಪದ ಕಬ್ಬಿಣ ಕ್ಷಾರದಲ್ಲಿ ಬಿಡಿಸಿಕೊಂಡು ಗಿಡಕ್ಕೆ ಸಿಗದಂತಾಗುತ್ತದೆ, ಇಡಿಡಿಎಚ್‌ಎ ರೂಪದ್ದು ಮಾತ್ರ ನಿಲ್ಲುತ್ತದೆ. ನಮ್ಮ ಕಡೆಯ ಎರೆಮಣ್ಣಿಗೂ ಇದೇ ಮಾತು ಅನ್ವಯಿಸುತ್ತದೆ. ಅದರಲ್ಲಿ ಸುಣ್ಣದ ಹರಳುಗಳಿರುತ್ತವೆ, ಪಿಎಚ್ ಸಾಮಾನ್ಯವಾಗಿ 8ರ ಆಸುಪಾಸಿನಲ್ಲಿರುತ್ತದೆ.

ಕಣ್ಣಂದಾಜಿನ ಬದಲು ಮಣ್ಣು ಮತ್ತು ನೀರು ಎರಡನ್ನೂ ಪರೀಕ್ಷೆ ಮಾಡಿಸುವುದು ಮೇಲು. ಗದಗದವರಿಗೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ, ಹಾವೇರಿಯವರಿಗೆ ಹನುಮನಮಟ್ಟಿಯದು, ನಮಗೆ ಇಲ್ಲಿಯ ಕೃಷಿ ವಿಶ್ವವಿದ್ಯಾಲಯ ಹತ್ತಿರವಿವೆ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯೂ ಇದೆ. ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಮಣ್ಣು ತುಂಬಿ, ನೀರು ಹಾಕಿ, ಚೆನ್ನಾಗಿ ಕುಲುಕಿ ಇಡಿ. ಉಸುಕು ಒಂದೆರಡು ನಿಮಿಷಗಳಲ್ಲಿ ತಳ ಸೇರುತ್ತದೆ, ಗೋಡು, ಅಂದರೆ ನಯವಾದ ಮೆಕ್ಕಲು ಕಣ, ಕೆಲವು ತಾಸುಗಳಲ್ಲಿ, ಜೇಡಿ ಮರುದಿನವೂ ನೀರನ್ನು ಕದಡಿಯೇ ಇರಿಸಿರುತ್ತದೆ. ಅಣ್ಣಿಗೇರಿಯ ಎರೆಮಣ್ಣಿನಲ್ಲಿ ತಳದ ಉಸುಕಿನ ಪದರ ಎಷ್ಟು ತೆಳ್ಳಗಿದೆ ಎಂಬುದನ್ನು ಒಮ್ಮೆ ನೋಡಿದರೆ ಲೋಟದಲ್ಲಿ ಏನಾಗಿದೆ ಎಂಬುದು ತಾನಾಗಿ ತಿಳಿಯುತ್ತದೆ.

ಮಾಳಿಗೆ ತೋಟ, ಧಾರವಾಡ

ಎಲ್ಲರಿಗೂ ಧನ್ಯವಾದಗಳು. ಹೇಳಿದ ಪ್ರಕಾರ ಮೂರು ಅಗಿಗಳನ್ನು ತೆಗೆದು ನೋಡಿದೆ. ದುರ್ಬಲವಾದದ್ದರ ಬೇರು ಕಂದಾಗಿ, ಎಳೆದಾಗ ಸಿಪ್ಪೆ ಜಾರಿ ಬಂದಿತು. ಹುಳಿ ವಾಸನೆಯೂ ಇತ್ತು. ಮಧ್ಯಮದ್ದರಲ್ಲಿ ಮೇಲಿನ ಅರ್ಧದ ಬೇರುಗಳು ಬೆಳ್ಳಗಿವೆ, ತಳದವು ಹೋಗಿವೆ. ಚೆನ್ನಾಗಿರುವುದರಲ್ಲಿ ಬೇರೆಲ್ಲ ಮಣ್ಣಿನ ಗಡ್ಡೆಯ ಹೊರಮೈಗೆ, ಅಂದರೆ ಲೋಟದ ಗೋಡೆಗೆ ಅಂಟಿಕೊಂಡು ಸುತ್ತು ಹಾಕಿವೆ, ಗಡ್ಡೆಯ ಒಳಗೆ ಒಂದು ಎಳೆಯೂ ಹೊಕ್ಕಿಲ್ಲ. ಲೋಟದ ತಳದಲ್ಲಿ ಒಂದೇ ಸಣ್ಣ ರಂಧ್ರವಿದ್ದು ಅದೂ ಜಿಗಿಯಿಂದ ಮುಚ್ಚಿಹೋಗಿದೆ.

ಮಧ್ಯಮದವೇ ಸಂಖ್ಯೆಯಲ್ಲಿ ಹೆಚ್ಚು. ಅವನ್ನು ಬದಲಿಸಿ ನೆಡುವ ವಿಧಾನವನ್ನು ದಯವಿಟ್ಟು ತಿಳಿಸಿ. ಬೇರಿಗೆ ಅಂಟಿದ ಎರೆಮಣ್ಣನ್ನು ತೊಳೆಯಬೇಕೇ, ಹಾಗೆಯೇ ಇಡಬೇಕೇ ಎಂಬ ಗೊಂದಲವೂ ಇದೆ.

ಸಸಿಮನೆ, ರಾಣೆಬೆನ್ನೂರು

ಅಕ್ಕನವರೇ, ನೀವು ನೋಡಿ ಬರೆದದ್ದರಿಂದ ಚಿತ್ರ ಸ್ಪಷ್ಟವಾಯಿತು. ಬೇರು ಗೋಡೆಗೆ ಅಂಟಿ ಬೆಳೆದದ್ದು ಗಾಳಿಯನ್ನು ಹುಡುಕಿಕೊಂಡು. ಮಣ್ಣಿನ ಗಡ್ಡೆಗೂ ಪ್ಲಾಸ್ಟಿಕ್ಕಿಗೂ ನಡುವಿನ ಸಣ್ಣ ಸಂದಿಯಲ್ಲಿ ಮಾತ್ರ ಅದಕ್ಕೆ ಉಸಿರು ಸಿಕ್ಕಿದೆ.

ಮಣ್ಣಿನ ಮಿಶ್ರಣ: ಎರಡು ಪಾಲು ಕೆಂಪು ಮಸಾರಿ ಮಣ್ಣು, ಒಂದು ಪಾಲು ಎರೆಹುಳು ಗೊಬ್ಬರ, ಒಂದು ಪಾಲು ತೊಳೆದ ಕೊಕೊಪೀಟ್ ಅಥವಾ ಹಳೆಯ ಭತ್ತದ ಹೊಟ್ಟು. ಕಲಘಟಗಿ, ಹಾನಗಲ್ಲಿನ ಕಡೆಯ ಅಕ್ಕಿ ಗಿರಣಿಗಳಲ್ಲಿ ಹೊಟ್ಟು ಸುಲಭವಾಗಿ ಸಿಗುತ್ತದೆ. ಕುಂಡವೊಂದಕ್ಕೆ ಒಂದು ಹಿಡಿ ಬೇವಿನ ಹಿಂಡಿಯನ್ನು ತಳದ ಅರ್ಧಕ್ಕೆ ಮಾತ್ರ ಬೆರೆಸಿ, ಬೇರಿಗೆ ನೇರವಾಗಿ ತಾಗದಂತೆ. ರೋಗಾಣುಗಳನ್ನು ತಡೆಯುವ ಟ್ರೈಕೋಡರ್ಮಾ ಎಂಬ ಶಿಲೀಂಧ್ರ ಸಿಕ್ಕರೆ ಎರೆಹುಳು ಗೊಬ್ಬರದಲ್ಲಿ ಕಲಸಿ, ತೇವವಿರಿಸಿ, ನೆರಳಲ್ಲಿ ಒಂದು ವಾರ ಇಟ್ಟು ಬಳಸಿದರೆ ಬೇರು ಕೊಳೆ ಮರುಕಳಿಸುವ ಭಯ ಕಡಿಮೆಯಾಗುತ್ತದೆ. ನಮ್ಮ ಕಡೆ ಗರಸು (ಸಣ್ಣ ಕಲ್ಲಿನ ಮಣ್ಣು) ಹಾಕುವ ರೂಢಿಯೂ ಇದೆ, ಆದರೆ ಮಾಳಿಗೆಗೆ ಅದು ಭಾರ.

ತೊಳೆಯುವ ಬಗ್ಗೆ. ಎರೆಮಣ್ಣಿನ ಗಡ್ಡೆಯನ್ನು ಹಾಗೆಯೇ ಹಗುರ ಮಣ್ಣಿನಲ್ಲಿ ಹೂತರೆ, ನೀರು ಸುತ್ತಲಿನ ಹಗುರ ಮಣ್ಣಿನಲ್ಲಿ ಹರಿದುಹೋಗುತ್ತದೆ, ಗಡ್ಡೆ ಒಮ್ಮೆ ಒಣಗಿದರೆ ಕಲ್ಲಾಗುತ್ತದೆ, ಒಮ್ಮೆ ನೆನೆದರೆ ಆರುವುದಿಲ್ಲ. ಬೇರು ಆ ಸೆರೆಯಿಂದ ಹೊರಬರುವುದೇ ಇಲ್ಲ. ಆದ್ದರಿಂದ ಬಕೆಟ್ಟಿನಲ್ಲಿ ಮಳೆನೀರು ತುಂಬಿ, ಗಡ್ಡೆಯನ್ನು ಅದರಲ್ಲಿ ಹತ್ತು ನಿಮಿಷ ತೇಲುವಂತೆ ಹಿಡಿದು, ತಾನಾಗಿ ಕರಗಿ ಬೀಳುವಷ್ಟು ಮಣ್ಣನ್ನು ಬೀಳಲು ಬಿಡಿ. ಬೆರಳಿನಿಂದ ಕೆರೆಯಬೇಡಿ, ನಳದ ಕೆಳಗೆ ಹಿಡಿಯಬೇಡಿ. ಕೊಳೆತ ತಳದ ಬೇರುಗಳನ್ನು ಚೊಕ್ಕ ಕತ್ತರಿಯಿಂದ ತೆಗೆದುಹಾಕಿ. ಕೂಡಲೇ, ಬೇರು ಗಾಳಿಗೆ ಆರುವ ಮೊದಲು, ಸಿದ್ಧಪಡಿಸಿದ ಕುಣಿಯಲ್ಲಿ ಇಳಿಸಿ, ಬೇರುಗಳು ಕೆಳಮುಖವಾಗಿ ಹರಡುವಂತೆ ಮಣ್ಣು ಬಿಡಿ.

ಬೀಜದೆಲೆಗಳು ಇದ್ದ ಮಟ್ಟದವರೆಗೆ ಹೂಳಬಹುದು, ಅದಕ್ಕಿಂತ ಆಳ ಬೇಡ. ಟೊಮೆಟೊ ಗಿಡದಂತೆ ಹೂತ ಕಾಂಡದ ಉದ್ದಕ್ಕೂ ಬೇರು ಬಿಡುವ ಗುಣ ಮೆಣಸಿನ ಗಿಡಕ್ಕೆ ಅಷ್ಟಿಲ್ಲ.

ಎರೆಹೊಲ, ಕುಂದಗೋಳ

ಸಸಿಮನೆಯವರ ಅನುಭವವನ್ನು ಗೌರವಿಸುತ್ತೇನೆ, ಆದರೂ ತೊಳೆಯುವ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ನೀರು ಮತ್ತು ಆಹಾರವನ್ನು ಹೀರುವುದು ಬೇರಿನ ತುದಿಯ ಸೂಕ್ಷ್ಮ ರೋಮಗಳು. ಮಣ್ಣಿನ ಕಣಕ್ಕೆ ಅಂಟಿಕೊಂಡೇ ಇರುವ ಅವು ಎಷ್ಟು ನಯವಾಗಿ ತೊಳೆದರೂ ಹರಿಯುತ್ತವೆ. ನಾವು ಹೊಲದಲ್ಲಿ ಹುಸಿ ಹೋದ, ಅಂದರೆ ಅಗಿ ಇಲ್ಲದೆ ಖಾಲಿ ಉಳಿದ, ಜಾಗಕ್ಕೆ ದಟ್ಟವಾದ ಸಾಲಿನಿಂದ ಅಗಿ ಕಿತ್ತು ಹಚ್ಚುವಾಗ, ಮಳೆ ಬಂದ ಮರುದಿನ, ಮಣ್ಣಿನ ಹೆಂಟೆ ಸಮೇತವೇ ತೆಗೆದು ಹಚ್ಚುತ್ತೇವೆ. ಹಾಗೆ ಹಚ್ಚಿದವು ಬಾಡುವುದೂ ಕಡಿಮೆ.

ಹೊಲದಲ್ಲಿ ಎರೆಯಿಂದ ಎರೆಗೇ ಹಚ್ಚುವುದರಿಂದ ಅದು ನಡೆಯುತ್ತದೆ ಎಂಬ ಮಾತನ್ನು ನೀವು ಹೇಳಬಹುದು. ಅದು ನ್ಯಾಯವಾದ ಮಾತೇ. ಆದ್ದರಿಂದ ನನ್ನ ಸಲಹೆ ಇಷ್ಟು: ಬೇರು ಪೂರ್ತಿ ಬೆಳ್ಳಗಿರುವ, ಚೆನ್ನಾಗಿರುವ ಅಗಿಗಳನ್ನು ತೊಳೆಯುವ ಗೋಜಿಗೆ ಹೋಗದೆ, ಗಡ್ಡೆಯ ಹೊರಮೈಯನ್ನು ಮೂರು ನಾಲ್ಕು ಕಡೆ ಕಡ್ಡಿಯಿಂದ ಲಂಬವಾಗಿ ಗೀರಿ, ಸುತ್ತಿದ ಬೇರನ್ನು ಸಡಿಲಿಸಿ ನೆಡಿ. ಕೊಳೆತ ವಾಸನೆ ಇರುವವನ್ನು ಮಾತ್ರ ನೆನೆಸಿ ಬಿಡಿಸಿ, ಏಕೆಂದರೆ ಅಲ್ಲಿ ಆ ಮಣ್ಣೇ ರೋಗದ ಮನೆ.

ಇನ್ನೊಂದು ಮಾತು. ಸಣ್ಣ ಕುಂಡ, ಆಮೇಲೆ ನಡುವಣದು, ಆಮೇಲೆ ದೊಡ್ಡದು ಎಂದು ಮೂರು ಸಲ ಬದಲಿಸುವ ಪದ್ಧತಿಯನ್ನು ಕೆಲವರು ಹೇಳುತ್ತಾರೆ. ಒಮ್ಮೆ ನೊಂದ ಗಿಡಕ್ಕೆ ಮತ್ತೆ ಮತ್ತೆ ನೋವು ಕೊಡಬೇಡಿ. 15ರಿಂದ 20 ಲೀಟರ್ ಹಿಡಿಯುವ ಕುಂಡಕ್ಕೆ ಅಥವಾ ಗ್ರೋ ಬ್ಯಾಗಿಗೆ ನೇರವಾಗಿ ಹಚ್ಚಿಬಿಡಿ. ಮಣ್ಣು ಹಗುರವಾಗಿದ್ದರೆ ದೊಡ್ಡ ಕುಂಡದಿಂದ ತೊಂದರೆಯಿಲ್ಲ. ನೀರನ್ನು ಮಾತ್ರ ಬುಡದ ಸುತ್ತ ಅಂಗೈ ಅಗಲಕ್ಕೆ ಸೀಮಿತಗೊಳಿಸಿ, ಬೇರು ಹೊರಗೆ ಹರಡಿದಂತೆ ವಿಸ್ತರಿಸುತ್ತ ಹೋಗಿ.

ಸಸಿಮನೆ, ರಾಣೆಬೆನ್ನೂರು

ಹಿರಿಯರು ಹೇಳಿದ ವಿಂಗಡಣೆ ನನ್ನದಕ್ಕಿಂತ ಚೆನ್ನಾಗಿದೆ. ಅದರಂತೆಯೇ ಮಾಡಿ.

ನೆಟ್ಟ ನಂತರದ ಒಂದು ವಾರವೇ ನಿರ್ಣಾಯಕ. ಸಂಜೆ ನಾಲ್ಕರ ಮೇಲೆ ನೆಡಬೇಕು. ನಾಲ್ಕೈದು ದಿನ ನೆರಳುಬಲೆ ಅಥವಾ ಹಳೆಯ ತೆಳು ಸೀರೆಯ ಕೆಳಗೆ, ನೇರ ಮಳೆ ಬೀಳದಂತೆ ಇಡಬೇಕು. ಆ ವಾರ ಯಾವ ಗೊಬ್ಬರವನ್ನೂ ಕೊಡಬೇಡಿ. ಗಾಯಗೊಂಡ ಬೇರಿಗೆ ಗೊಬ್ಬರದ ಲವಣ ಉರಿ ತರುತ್ತದೆ, ಹೊಸ ಮಣ್ಣಿನಲ್ಲಿ ಎರೆಹುಳು ಗೊಬ್ಬರ ಹೇಗೂ ಇದೆ. ಹೊಸ ಚಿಗುರು ಕಂಡ ಮೇಲೆ ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ 19:19:19 ಗೊಬ್ಬರವನ್ನು ಲೀಟರಿಗೆ 2 ಗ್ರಾಂ ಬೆರೆಸಿ ವಾರಕ್ಕೊಮ್ಮೆ ಕೊಡಬಹುದು. ಕೊಳೆ ಇದ್ದ ಅಗಿಗಳ ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಬೆರೆಸಿ ಹಾಕುವುದುಂಟು, ಆದರೆ ಟ್ರೈಕೋಡರ್ಮಾ ಬಳಸಿದ ಕುಂಡಕ್ಕೆ ಅದನ್ನು ಹಾಕಬೇಡಿ. ಟ್ರೈಕೋಡರ್ಮಾವೂ ಶಿಲೀಂಧ್ರವೇ ಆದ್ದರಿಂದ ತಾಮ್ರ ಅದಕ್ಕೂ ಹಾನಿ ಮಾಡಬಹುದು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ಈಗಿರುವ ಮೊಗ್ಗುಗಳನ್ನು ನೆಡುವ ದಿನವೇ ಚಿವುಟಿ ಹಾಕಿ. ಇಷ್ಟು ಚಿಕ್ಕ ಗಿಡದಲ್ಲಿ ಒಂದು ಕಾಯಿ ನಿಂತರೂ ಗಿಡದ ಬೆಳವಣಿಗೆ ಅದಕ್ಕೇ ಹೋಗುತ್ತದೆ.

ಕಾಯಿಪೇಟೆ, ಬ್ಯಾಡಗಿ

ಇಷ್ಟೆಲ್ಲ ಮಾಡುವ ಮೊದಲು ಎಲೆಗಳ ಆಕಾರವನ್ನು ನೋಡಲು ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಕುಂಠಿತವಾದ ಮೆಣಸಿನ ಅಗಿಗಳಲ್ಲಿ ಕೆಲವು ಮಣ್ಣಿನಿಂದಲ್ಲ, ಎಲೆ ಮುರುಟು ರೋಗದಿಂದ ಕುಗ್ಗಿರುತ್ತವೆ. ಎಲೆಯ ಅಂಚು ಮೇಲಕ್ಕೆ ಮಡಚಿಕೊಂಡು ದೋಣಿಯಂತಾಗಿದ್ದರೆ ಥ್ರಿಪ್ಸ್ ನುಸಿ. ಅಂಚು ಕೆಳಕ್ಕೆ ಬಾಗಿ, ಎಲೆಯ ತೊಟ್ಟು ಉದ್ದವಾಗಿದ್ದರೆ ಹಳದಿ ಮೈಟ್ ನುಸಿ. ಇವೆರಡಕ್ಕೂ ಉಪಾಯವಿದೆ, ಗಿಡ ಚೇತರಿಸಿಕೊಳ್ಳುತ್ತದೆ. ಆದರೆ ಎಲೆ ಕಿರಿದಾಗಿ, ನರ ದಪ್ಪವಾಗಿ, ಗೆಣ್ಣುಗಳು ಒತ್ತೊತ್ತಾಗಿ ಇಡೀ ತುದಿ ಗೊಂಚಲಿನಂತೆ ಮುದುಡಿದ್ದರೆ ಅದು ಬಿಳಿನೊಣ ಹರಡುವ ನಂಜುರೋಗ. ಆ ಅಗಿಯನ್ನು ಯಾವ ಮಣ್ಣಿಗೆ ಹಚ್ಚಿದರೂ ಉಳಿಯುವುದಿಲ್ಲ. ಉಳಿದವಕ್ಕೂ ಅದನ್ನು ಹಂಚುತ್ತದೆ. ಕಿತ್ತು, ಚೀಲದಲ್ಲಿ ಕಟ್ಟಿ, ದೂರ ಹಾಕಬೇಕು. ಮನೆತನದ ಬೀಜ ಎಂಬ ಮಮತೆ ಅಲ್ಲಿ ಬೇಡ.

ಬೀಜವನ್ನು ಕಾಯ್ದುಕೊಂಡು ಬಂದಿದ್ದೀರಿ ಎಂದು ಓದಿ ನಿಜವಾಗಿಯೂ ಸಂತೋಷವಾಯಿತು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ಸಿಕ್ಕಿತು. ಆದರೂ ಹೆಚ್ಚು ಇಳುವರಿಯ ಹೈಬ್ರಿಡ್‌ಗಳ ಮುಂದೆ, ಖಾರ ಕಡಿಮೆಯಾಗಿ ಬಣ್ಣ ಗಾಢವಾಗಿರುವ, ಸುಕ್ಕು ಸುಕ್ಕಾದ ಮೈಯ ಹಳೆಯ ಕಡ್ಡಿ ಮತ್ತು ಡಬ್ಬಿ ಬೀಜಗಳನ್ನು ಕಾಪಾಡುವವರು ಕಡಿಮೆಯಾಗುತ್ತಿದ್ದಾರೆ. ಬೀಜಕ್ಕೆಂದು ಬಿಡುವ ಗಿಡಗಳನ್ನು ಬೇರೆ ಮೆಣಸಿನ ಗಿಡಗಳಿಂದ ದೂರವಿರಿಸಿ. ಮೆಣಸಿನಲ್ಲಿ ಜೇನ್ನೊಣಗಳಿಂದ ಪರಪರಾಗಸ್ಪರ್ಶ ಸಾಕಷ್ಟು ನಡೆಯುತ್ತದೆ. ಮಾಳಿಗೆಯಲ್ಲಿ ಕಡ್ಡಿ, ಡಬ್ಬಿ ಅಕ್ಕಪಕ್ಕದಲ್ಲಿದ್ದರೆ ಮುಂದಿನ ಬೀಜ ಬೆರಕೆಯಾದೀತು. ಹೂ ಅರಳುವ ಮೊದಲೇ ಒಂದೆರಡು ಟೊಂಗೆಗಳಿಗೆ ತೆಳು ಬಟ್ಟೆಯ ಚೀಲ ಕಟ್ಟಿದರೆ ಸಾಕು.

ಮಾಳಿಗೆ ತೋಟ, ಧಾರವಾಡ

ಎಲ್ಲರ ಸಲಹೆಯಂತೆ ಅಗಿಗಳನ್ನು ಬದಲಿಸಿ ಕೆಲವು ವಾರಗಳಾದವು. ಫಲಿತಾಂಶವನ್ನು ತಿಳಿಸುವುದು ನನ್ನ ಕರ್ತವ್ಯ. ಬೇರು ಪೂರ್ತಿ ಕೊಳೆತವು ಉಳಿಯಲಿಲ್ಲ. ಡಬ್ಬಿಯಲ್ಲಿ ಎರಡು ಅಗಿಗಳ ತುದಿ ಬ್ಯಾಡಗಿಯವರು ವರ್ಣಿಸಿದಂತೆಯೇ ಗೊಂಚಲಾಗಿ ಮುದುಡಿದ್ದರಿಂದ ನೆಡುವ ಮೊದಲೇ ಅವನ್ನು ತೆಗೆದುಹಾಕಿದೆ. ಚೆನ್ನಾಗಿದ್ದವು ಗೀರಿ ನೆಟ್ಟ ಮೇಲೆ ಬಾಡಲೇ ಇಲ್ಲ. ನೆನೆಸಿ ಬಿಡಿಸಿದ ಮಧ್ಯಮದವು ಮೊದಲ ಎರಡು ದಿನ ಮಧ್ಯಾಹ್ನ ತಲೆ ಬಾಗಿಸಿ, ಸಂಜೆಗೆ ಎದ್ದು ನಿಲ್ಲುತ್ತಿದ್ದವು. ಆಮೇಲೆ ಹತ್ತು ಹನ್ನೆರಡು ದಿನ ಏನೂ ಆಗದಂತೆ ನಿಂತಿದ್ದವು. ಈಗ ಎಲೆಗಳ ಕಂಕುಳಲ್ಲಿ ಜೋಡಿ ಜೋಡಿಯಾಗಿ ಹೊಸ ಚಿಗುರು ಬಂದಿದ್ದು, ಅದರ ಹಸಿರಿಗೂ ಹಳೆಯ ಎಲೆಯ ಹಸಿರಿಗೂ ಇರುವ ವ್ಯತ್ಯಾಸ ದೂರದಿಂದಲೇ ಕಾಣುತ್ತದೆ. ಹಳೆಯ ಹಳದಿ ಎಲೆಗಳು ಮಾತ್ರ ಹಸಿರಾಗಲಿಲ್ಲ.

ಎರಡು ಪ್ರಶ್ನೆಗಳು ಉಳಿದಿವೆ. ಹಳದಿ ಎಲೆಗಳನ್ನು ಕೀಳಬೇಕೇ? ಲೋಟಗಳಿಂದ ತೆಗೆದ ಎರೆಮಣ್ಣನ್ನು ಏನು ಮಾಡಬೇಕು?

ಮಣ್ಣಿನ ವಿದ್ಯಾರ್ಥಿನಿ, ಧಾರವಾಡ

ಹಳದಿಯಾದ ಎಲೆ ಮತ್ತೆ ಹಸಿರಾಗುವುದು ಅಪರೂಪ, ಅದನ್ನು ನೋಡಿ ಚಿಂತಿಸಬೇಡಿ. ತಾನಾಗಿ ಉದುರುವವರೆಗೆ ಬಿಡಿ, ಅಲ್ಲಿಯವರೆಗೆ ಅದರೊಳಗಿನ ಸಾರಜನಕ ಹೊಸ ಚಿಗುರಿಗೆ ಹೋಗುತ್ತಿರುತ್ತದೆ. ಮಣ್ಣಿಗೆ ತಾಗುತ್ತಿರುವ ಎಲೆಗಳನ್ನಷ್ಟೇ ತೆಗೆಯಿರಿ. ಹತ್ತು ಹನ್ನೆರಡು ದಿನ ಗಿಡ ನಿಂತಂತೆ ಕಂಡದ್ದು ಸಹಜ. ಆ ಕಾಲದಲ್ಲಿ ಬೆಳೆದದ್ದು ಮಣ್ಣಿನ ಕೆಳಗೆ.

ಕೊಳೆ ವಾಸನೆ ಇದ್ದ ಮಣ್ಣನ್ನು ಈ ವರ್ಷ ಯಾವ ಕುಂಡಕ್ಕೂ ಬಳಸಬೇಡಿ. ಮುಂದಿನ ಏಪ್ರಿಲ್, ಮೇ ತಿಂಗಳಲ್ಲಿ ಅದನ್ನು ತುಸು ತೇವ ಮಾಡಿ, ಮಾಳಿಗೆಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಕೆಳಗೆ ತೆಳ್ಳಗೆ ಹರಡಿ, ಅಂಚುಗಳನ್ನು ಗಾಳಿಯಾಡದಂತೆ ಮುಚ್ಚಿ ನಾಲ್ಕರಿಂದ ಆರು ವಾರ ಬಿಸಿಲಿಗೆ ಬಿಡಿ. ಆ ಬಿಸಿಗೆ ರೋಗಾಣುಗಳು ಬಹುಮಟ್ಟಿಗೆ ಸಾಯುತ್ತವೆ. ನಂತರ ಅದನ್ನು ಮಸಾರಿ ಮಿಶ್ರಣಕ್ಕೆ ಎಂಟರಲ್ಲಿ ಒಂದು ಪಾಲಿನಷ್ಟು ಸೇರಿಸಿದರೆ, ಬೇಸಿಗೆಯಲ್ಲಿ ನೀರು ಹಿಡಿದಿಡಲು ಅದೇ ಜಿಗಿ ಉಪಯೋಗಕ್ಕೆ ಬರುತ್ತದೆ. ವಾಸನೆ ಇಲ್ಲದ ಮಣ್ಣನ್ನು ಈಗಲೇ ಹಿತ್ತಲಿನ ಕರಿಬೇವು, ನುಗ್ಗೆಯಂಥ ದೊಡ್ಡ ಗಿಡಗಳ ಬುಡದ ಸುತ್ತ ತೆಳ್ಳಗೆ ಹರಡಬಹುದು.

ಎರೆಹೊಲ, ಕುಂದಗೋಳ

ಅಕ್ಕನವರೇ, ಹೊಸ ಚಿಗುರು ಬಂದ ಟೊಂಗೆಗಳಲ್ಲಿ ಮತ್ತೆ ಮೊಗ್ಗು ಕಾಣಿಸಿದರೆ ಗಿಡ ಮೊಣಕಾಲೆತ್ತರ ಬರುವವರೆಗೆ ಚಿವುಟುತ್ತಿರಿ, ಆಮೇಲೆ ಬಿಡಿ. ಆಗಸ್ಟ್ ಕೊನೆಯೊಳಗೆ ಗಿಡ ಕವಲೊಡೆದರೆ ಡಿಸೆಂಬರ್, ಜನವರಿಗೆ ಹಣ್ಣುಗಾಯಿ ಸಿಗುತ್ತದೆ. ಹೊಲದ ಕಾಯಿಯೂ ಅದೇ ಹೊತ್ತಿಗೆ ಬರುತ್ತದೆ, ನೀವು ಹೆಚ್ಚೇನೂ ಹಿಂದೆ ಬಿದ್ದಿಲ್ಲ. ಬೀಜಕ್ಕೆ ಎರಡನೆಯ ಬಿಡಿಸುವಿಕೆಯ ಕಾಯಿ ಇಡಿ. ಗಿಡದಲ್ಲೇ ಪೂರ್ತಿ ಕೆಂಪಾಗಿ ಸುಕ್ಕು ಬಿದ್ದ ಮೇಲೆ ಬಿಡಿಸಿ, ನೆರಳಲ್ಲಿ ಒಣಗಿಸಿ. ಮುಂದಿನ ಮೇ ತಿಂಗಳಲ್ಲಿ ಬೀಜ ಹಾಕುವಾಗ ಅಗಿಗೆ ಮಸಾರಿ, ಹೊಲಕ್ಕೆ ಎರೆ.

ಮಾಳಿಗೆ ತೋಟ, ಧಾರವಾಡ

ಹಾಗೆಯೇ ಮಾಡುತ್ತೇನೆ, ಕಾಕಾ. ಡಬ್ಬಿ ಬೀಜ ಬೇಕಾದವರು ಜನವರಿಯಲ್ಲಿ ಇದೇ ಚರ್ಚೆಯಲ್ಲಿ ಬರೆಯಿರಿ. ಬಟ್ಟೆ ಕಟ್ಟಿದ ಟೊಂಗೆಗಳಿಂದ ಬಂದದ್ದನ್ನು ಹಂಚುತ್ತೇನೆ.